‘ತಮ್ಮ ನೋಡ್ಕೋತಾನಲ್ಲ, ಟ್ರಸ್ಟ್ ಯಾಕೆ?’

ಹಾಸನ, ಬೇಲೂರು, ಸಕಲೇಶಪುರ ಕಡೆಯ ತಂದೆತಾಯಂದಿರು ಕೇಳುವುದು ಹೆಚ್ಚುಕಡಿಮೆ ಒಂದೇ ಪ್ರಶ್ನೆ: ದೊಡ್ಡ ಮಗನಿಗೆ ಬುದ್ಧಿಮಾಂದ್ಯತೆ ಇದೆ, ತೋಟವನ್ನೆಲ್ಲ ಚಿಕ್ಕವನ ಹೆಸರಿಗೆ ಬರೆದು ‘ಅಣ್ಣನನ್ನು ನೋಡಿಕೋ’ ಅಂದರೆ ಸಾಲದೆ?

ಸಾಲದು. ತಮ್ಮ ಕೆಟ್ಟವನೆಂದಲ್ಲ. ಬರೆದುಕೊಟ್ಟ ದಿನದಿಂದ ತೋಟ ಅವನದು. ಅವನು ಸಾಲ ತೀರಿಸದಿದ್ದರೆ ಬ್ಯಾಂಕಿನವರು ಅದರ ಮೇಲೆ ಬರುತ್ತಾರೆ, ಅವನು ತೀರಿಕೊಂಡರೆ ಅವನ ಹೆಂಡತಿ ಮಕ್ಕಳಿಗೆ ಹೋಗುತ್ತದೆ. ಅಣ್ಣನ ಹೆಸರು ಪಹಣಿಯಲ್ಲಿ ಎಲ್ಲೂ ಇರುವುದಿಲ್ಲ. ಹಾಗೆಂದು ನೇರ ಅಣ್ಣನ ಹೆಸರಿಗೇ ಬರೆದರೆ, ಸಹಿ ಹಾಕುವವರು ಯಾರು ಎಂಬಲ್ಲಿಗೆ ಬಂದು ನಿಲ್ಲುತ್ತದೆ.

ಇಲ್ಲಿ ಎರಡು ಕೆಲಸಗಳಿವೆ: ಮನುಷ್ಯನನ್ನು ನೋಡಿಕೊಳ್ಳುವುದು, ದುಡ್ಡನ್ನು ನೋಡಿಕೊಳ್ಳುವುದು. ಎರಡೂ ಒಬ್ಬರ ಕೈಯಲ್ಲೇ ಇರಬಾರದು.

ಮೊದಲನೆಯದಕ್ಕೆ ಗಾರ್ಡಿಯನ್, ಅಂದರೆ ಕಾನೂನುಬದ್ಧ ಪೋಷಕರು ಬೇಕು. ಮಗನಿಗೆ 18 ತುಂಬಿದ ಮೇಲೆ ಹೆತ್ತವರೂ ತಾವಾಗಿಯೇ ಗಾರ್ಡಿಯನ್ ಆಗಿ ಮುಂದುವರಿಯುವುದಿಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯತೆ, ಬಹುವಿಧ ಅಂಗವೈಕಲ್ಯ ಇರುವವರಿಗೆ ಗಾರ್ಡಿಯನ್ ನೇಮಿಸುವುದು ಜಿಲ್ಲಾಧಿಕಾರಿಗಳಿರುವ ಸ್ಥಳೀಯ ಮಟ್ಟದ ಸಮಿತಿ. ಗಾರ್ಡಿಯನ್ ಆದವರು ನೇಮಕವಾದ 6 ತಿಂಗಳೊಳಗೆ ಮಗನ ಆಸ್ತಿಪಟ್ಟಿಯನ್ನು ಸಮಿತಿಗೆ ಕೊಡಬೇಕು, ಪ್ರತಿ ಆರ್ಥಿಕ ವರ್ಷ ಮುಗಿದ 3 ತಿಂಗಳೊಳಗೆ ಲೆಕ್ಕ ಒಪ್ಪಿಸಬೇಕು. ಈ ಲೆಕ್ಕ ಒಪ್ಪಿಸುವುದನ್ನೇ ಹಲವರು ಮರೆಯುತ್ತಾರೆ. ದೃಷ್ಟಿ ಅಥವಾ ಕೈಕಾಲಿನ ಊನವಷ್ಟೇ ಇದ್ದು ತಾನೇ ನಿರ್ಧರಿಸಬಲ್ಲವರಿಗೆ ಗಾರ್ಡಿಯನ್ ಬೇಕಿಲ್ಲ.

ಎರಡನೆಯದಕ್ಕೆ ಖಾಸಗಿ ಟ್ರಸ್ಟ್: ಆಸ್ತಿಯನ್ನು ನಂಬಿಕೆಯ ಕೆಲವರಿಗೆ (ಇವರೇ ಟ್ರಸ್ಟಿಗಳು) ಒಪ್ಪಿಸಿ, ಅದು ಮಗನಿಗಾಗಿಯೇ ಖರ್ಚಾಗುವಂತೆ ಬರೆದಿಡುವ ವ್ಯವಸ್ಥೆ. ಇದು 1882ರ ಭಾರತೀಯ ಟ್ರಸ್ಟ್ ಕಾಯ್ದೆಗೆ ಸೇರಿದ್ದು, ದೇವಸ್ಥಾನ ಅಥವಾ ಶಾಲೆಯ ಟ್ರಸ್ಟಿನಂತಲ್ಲ. ಉದ್ದೇಶ ಏನು, ಫಲಾನುಭವಿ ಯಾರು, ಆಸ್ತಿ ಯಾವುದು ಎಂಬುದು ಟ್ರಸ್ಟ್ ಪತ್ರದಲ್ಲಿ ಸ್ಪಷ್ಟವಾಗಿರಬೇಕು. ಜಮೀನು ಸೇರಿಸುವುದಾದರೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಆಗಲೇಬೇಕು, ಇಲ್ಲವೇ ಉಯಿಲಿನಲ್ಲಿ ಬರೆಯಬೇಕು. ಪಿತ್ರಾರ್ಜಿತ ಆಸ್ತಿಯಾದರೆ ನಿಮ್ಮ ಪಾಲಿಗಷ್ಟೇ ನಿಮಗೆ ಅಧಿಕಾರ, ಹಾಗಾಗಿ ಮೊದಲು ವಿಭಾಗ ಮಾಡಿಸಿಕೊಳ್ಳಿ. ಅನೇಕರಿಗೆ ಹೊಂದುವ ದಾರಿಯೊಂದಿದೆ. ಈಗ ಸಣ್ಣ ಮೊತ್ತದಲ್ಲಿ ಟ್ರಸ್ಟ್ ತೆರೆದು, ಪ್ಯಾನ್ ಮತ್ತು ಬ್ಯಾಂಕ್ ಖಾತೆ ಮಾಡಿಸಿಟ್ಟು, ತೋಟ ಅಥವಾ ಠೇವಣಿ ಹೆತ್ತವರ ಕಾಲದ ನಂತರ ಅದಕ್ಕೆ ಸೇರುವಂತೆ ಉಯಿಲು ಬರೆಯುವುದು. ಉಯಿಲಿಗೆ ಇಬ್ಬರು ಸಾಕ್ಷಿಗಳು ಬೇಕು.

ತೆರಿಗೆಯ ಮಾತು. ಖರ್ಚನ್ನು ಟ್ರಸ್ಟಿಗಳ ವಿವೇಚನೆಗೆ ಬಿಟ್ಟ ಟ್ರಸ್ಟಿನ ಆದಾಯಕ್ಕೆ ಸಾಮಾನ್ಯವಾಗಿ ಗರಿಷ್ಠ ದರ ಬೀಳುತ್ತದೆ. ವಿನಾಯಿತಿಗಳೂ ಇವೆ. ಅವಲಂಬಿತ ಸಂಬಂಧಿಗಾಗಿಯೇ ಉಯಿಲಿನಲ್ಲಿ ಮಾಡಿದ ಏಕೈಕ ಟ್ರಸ್ಟ್ ಅಂಥದ್ದೊಂದು. ಪತ್ರಕ್ಕೆ ಸಹಿ ಹಾಕುವ ಮೊದಲೇ ಆಡಿಟರಿಗೆ ತೋರಿಸಿ.

ಪತ್ರದಲ್ಲಿ ನಾವು ಎಲ್ಲಕ್ಕಿಂತ ಮೊದಲು ಹುಡುಕುವುದು ಒಂದು ಸಾಲನ್ನು: ಮಗ ತೀರಿಕೊಂಡ ಮೇಲೆ ಉಳಿದದ್ದು ಯಾರಿಗೆ? ಅದು ಟ್ರಸ್ಟಿಯಾದವರಿಗೇ ಎಂದಿದ್ದರೆ, ಅಣ್ಣನಿಗೆ ಕಡಿಮೆ ಖರ್ಚು ಮಾಡಿದಷ್ಟೂ ಅವರಿಗೆ ಲಾಭ. ಒಳ್ಳೆಯವರನ್ನೂ ಈ ಸಾಲು ಇಕ್ಕಟ್ಟಿಗೆ ತಳ್ಳುತ್ತದೆ. ಉಳಿಕೆ ತಮ್ಮನಿಗೇ ಸೇರಬೇಕೆಂದರೆ ಅವನು ಗಾರ್ಡಿಯನ್ ಆಗಿರಲಿ, ಟ್ರಸ್ಟಿಗಳು ಬೇರೆಯವರಿರಲಿ. ಕನಿಷ್ಠ ಇಬ್ಬರು ಟ್ರಸ್ಟಿಗಳು, ಅವರಲ್ಲೊಬ್ಬರು ನಿಮಗಿಂತ ಇಪ್ಪತ್ತು ವರ್ಷವಾದರೂ ಚಿಕ್ಕವರು. ಒಬ್ಬರು ಬಿಟ್ಟರೆ ಮುಂದಿನವರು ಯಾರೆಂಬುದನ್ನೂ ಬರೆಯಿರಿ. ಟ್ರಸ್ಟಿಗಳು ತಿಂಗಳಿಗೊಮ್ಮೆ ಹಣ ಕಳಿಸಲಿ, ಗಾರ್ಡಿಯನ್ ಖರ್ಚಿನ ಚೀಟಿ ಕೊಡಲಿ.

ಸರ್ಕಾರಿ ನೌಕರರಾಗಿದ್ದರೆ ಕುಟುಂಬ ಪಿಂಚಣಿ ದಾಖಲೆಯಲ್ಲಿ ಮಗನ ಹೆಸರನ್ನೂ ಅಂಗವೈಕಲ್ಯ ಪ್ರಮಾಣಪತ್ರವನ್ನೂ ಬದುಕಿರುವಾಗಲೇ ಸೇರಿಸಿ. ನಿಮ್ಮ ನಂತರ ಅದನ್ನು ಸಾಬೀತು ಮಾಡಲು ಓಡಾಡಬೇಕಾದವನು ಅವನೇ.

ಕೊನೆಯದಾಗಿ ಒಂದು ನೂರು ಪುಟದ ನೋಟುಬುಕ್ಕು. ಇದಕ್ಕೆ ವಕೀಲರು ಬೇಡ, ಮಗನ ದಿನಚರಿಯನ್ನು ನೀವೇ ಬರೆದಿಡಿ. ಮೂರ್ಛೆಯ ಮಾತ್ರೆ ಯಾವುದು, ಎಷ್ಟು ಗಂಟೆಗೆ, ತಪ್ಪಿದರೆ ಏನಾಗುತ್ತದೆ. ಮುದ್ದೆಯನ್ನು ಚಿಕ್ಕ ತುತ್ತು ಮಾಡಿ ಸಾರಿನಲ್ಲಿ ಅದ್ದಿ ಕೊಟ್ಟರಷ್ಟೇ ನುಂಗುತ್ತಾನೆಯೇ. ಪಟಾಕಿ ಸದ್ದಿಗೆ ಹೆದರಿದಾಗ ಯಾರ ಕೈ ಹಿಡಿದರೆ ಸುಮ್ಮನಾಗುತ್ತಾನೆ. ಹೊಟ್ಟೆನೋವನ್ನು ಹೇಗೆ ತೋರಿಸುತ್ತಾನೆ. ಒಂದು ಪ್ರತಿ ಗಾರ್ಡಿಯನ್ ಬಳಿ, ಇನ್ನೊಂದು ಟ್ರಸ್ಟಿಗಳ ಬಳಿ ಇರಲಿ; ಪ್ರತಿ ಯುಗಾದಿಗೆ ಕೂತು ತಿದ್ದಿ.