ಮುಂಬೈ ಶಾಲೆಯ ಖಗೋಳ ಕ್ಲಬ್ಬು ಹಗಲಲ್ಲೇ ನಡೆಯಲಿ

ಹೈಸ್ಕೂಲಿನಲ್ಲಿ ಖಗೋಳ ಕ್ಲಬ್ಬು ಶುರು ಮಾಡೋಣ ಅಂದರೆ ಮೊದಲು ಬರುವ ಮಾತೇ ದೂರದರ್ಶಕ ಕೊಳ್ಳುವುದು. ವಡಾಲ, ಮಾಟುಂಗ ಕಡೆಯ ನಮ್ಮ ಕನ್ನಡದ ಮಕ್ಕಳಿಗೆ ಅದರಿಂದ ಸಿಗುವುದು ಕಡಿಮೆ. ನಗರದ ಬೆಳಕಿನಲ್ಲಿ ನಾಲ್ಕು ನಕ್ಷತ್ರ ಕಂಡರೆ ಹೆಚ್ಚು, ಲೋಕಲ್ ಹಿಡಿದು ಮನೆಗೆ ಹೋಗುವವರನ್ನು ಕತ್ತಲಾಗುವ ತನಕ ನಿಲ್ಲಿಸಿಕೊಳ್ಳುವುದೂ ಸರಿಯಲ್ಲ. ಸೂರ್ಯನನ್ನು ನಂಬಿ ಕ್ಲಬ್ಬು ಕಟ್ಟಿ, ಮಕ್ಕಳು ಬಿಸಿಲಿನಲ್ಲಿ ಕೋಲು ನಿಲ್ಲಿಸಿ ಅದರ ನೆರಳು ಅಳೆಯಲಿ. ಒಂದು ಕೋಲು, ಒಂದು ತೂಗುಗುಂಡು, ರಸಮಟ್ಟ (ಸ್ಪಿರಿಟ್ ಲೆವೆಲ್), ಚಾರ್ಟ್ ಪೇಪರ್ ಇದ್ದರೆ ಆಯಿತು.

ಮಳೆಗಾಲದ ಮೋಡ ಸರಿಯುವ ಅಕ್ಟೋಬರಿನಲ್ಲಿ ಆರಂಭಿಸಿ. 8 ಮತ್ತು 9ನೇ ತರಗತಿಯ ಹನ್ನೆರಡು ಮಕ್ಕಳು ಸಾಕು. ಹತ್ತನೆಯವರು ದೀಪಾವಳಿ ರಜೆ ಮುಗಿಯುತ್ತಲೇ ಎಸ್ಸೆಸ್ಸಿ ಓದಿಗೆ ಕೂರುತ್ತಾರೆ, ಅವರ ಮೇಲೆ ಜವಾಬ್ದಾರಿ ಹಾಕಬೇಡಿ.

ತಾರಸಿಯಲ್ಲಿ ಜಾಗ ಆರಿಸುವಾಗಲೇ ಹೆಚ್ಚಿನವರು ಎಡವುವುದು. ಡಿಸೆಂಬರ್ 21ರ ಆಸುಪಾಸು ನಡುಹಗಲಲ್ಲೂ ಮುಂಬೈಯಲ್ಲಿ ಸೂರ್ಯ ಸುಮಾರು 47.5 ಡಿಗ್ರಿಗಿಂತ ಮೇಲೇರುವುದಿಲ್ಲ. ಅಕ್ಟೋಬರಿನಲ್ಲಿ ಚೆನ್ನಾಗಿ ಬಿಸಿಲಿದ್ದ ಜಾಗಕ್ಕೆ ಆಗ ದಕ್ಷಿಣದ ಟವರಿನ ನೆರಳು ಬಂದು ಕೂರುತ್ತದೆ. ದಕ್ಷಿಣದ ಕಟ್ಟಡ ತಾರಸಿಗಿಂತ ಎಷ್ಟು ಮೀಟರ್ ಎತ್ತರವಿದೆಯೋ ಕನಿಷ್ಠ ಅಷ್ಟು ಮೀಟರ್ ದೂರವಿರಲಿ. ತಾರಸಿಗೆ ಗಟ್ಟಿ ಪ್ಯಾರಪೆಟ್ ಇರಬೇಕು, ಜೊತೆಗೆ ಒಬ್ಬ ಶಿಕ್ಷಕರೂ ಇರಬೇಕು.

ಕೋಲು 50 ಸೆಂ.ಮೀ. ಇರಲಿ. ಮಕ್ಕಳು ಎರಡು ಮೀಟರಿನದೇ ಬೇಕು ಎನ್ನುತ್ತಾರೆ. ಆದರೆ ಕೋಲು ಉದ್ದವಾದಷ್ಟೂ ನೆರಳಿನ ತುದಿ ಮಸುಕಾಗುತ್ತದೆ, ಮಧ್ಯಾಹ್ನದ ಕಡಲಗಾಳಿಗೆ ಅಲುಗಾಡುತ್ತದೆ ಕೂಡ. ಅರ್ಧ ಮೀಟರಿನ ಕೋಲಿನಲ್ಲೂ ತುದಿ ಎಲ್ಲಿ ಮುಗಿಯಿತೆಂದು ಇಬ್ಬರು ಎರಡು ಕಡೆ ಗುರುತು ಹಾಕುತ್ತಾರೆ. ಇದಕ್ಕೊಂದು ಉಪಾಯವಿದೆ: 5 ಮಿ.ಮೀ. ತೂತು ಕೊರೆದ ದಪ್ಪ ರಟ್ಟನ್ನು ಕೋಲಿನ ತಲೆಗೆ ಅಡ್ಡಲಾಗಿ ಅಂಟಿಸಿ. ರಟ್ಟಿನ ನೆರಳಿನ ನಡುವೆ ಬೆಳಕಿನ ಪುಟ್ಟ ಬೊಟ್ಟು ಬೀಳುತ್ತದೆ, ಅದರ ಮಧ್ಯಕ್ಕೆ ಪೆನ್ಸಿಲ್ ಚುಕ್ಕೆ ಇಟ್ಟರೆ ಜಗಳವೇ ಇಲ್ಲ. ತೂತು ನೆಲದಿಂದ ಸರಿಯಾಗಿ 50 ಸೆಂ.ಮೀ. ಎತ್ತರದಲ್ಲಿರಲಿ. ಅದರ ನೇರ ಕೆಳಗಿನ ಬಿಂದುವನ್ನು ತೂಗುಗುಂಡು ಇಳಿಬಿಟ್ಟು ಗುರುತಿಸಿ, ಉದ್ದವನ್ನೆಲ್ಲ ಅಲ್ಲಿಂದಲೇ ಅಳೆಯಿರಿ. ನೀರು ಹರಿಯಲೆಂದು ತಾರಸಿಗೆ ಇಳಿಜಾರು ಕೊಟ್ಟಿರುತ್ತಾರೆ. ಹಾಗಾಗಿ ಹಲಗೆ ಇಟ್ಟು, ರಸಮಟ್ಟದಿಂದ ಎರಡೂ ದಿಕ್ಕಿಗೆ ನೋಡಿ ಸಮ ಮಾಡಿಕೊಳ್ಳಿ. ಸ್ಲ್ಯಾಬಿನ ಕಬ್ಬಿಣಕ್ಕೆ ದಿಕ್ಸೂಚಿ ದಾರಿ ತಪ್ಪುವುದರಿಂದ ಅದನ್ನು ನೆಚ್ಚಬೇಡಿ. ಮತ್ತೊಂದು ಮಾತು: ತೂತಿನ ಮೂಲಕವಾಗಲಿ, ಎಕ್ಸ್‌ರೇ ಫಿಲ್ಮ್ ಹಿಡಿದಾಗಲಿ ಯಾರೂ ಸೂರ್ಯನತ್ತ ನೋಡಕೂಡದು.

ಎರಡು ಪಾಳಿಯ ಶಾಲೆಗೆ ಈ ಕ್ಲಬ್ಬು ಹೇಳಿ ಮಾಡಿಸಿದಂತಿದೆ. ಮುಂಬೈಯಲ್ಲಿ ನೆರಳು ಅತಿ ಚಿಕ್ಕದಾಗುವ ಹೊತ್ತು, ಅಂದರೆ ನಡುಹಗಲು, ನವೆಂಬರ್ ಮೊದಲ ವಾರದಲ್ಲಿ 12.22ರ ಸುಮಾರಿಗೆ, ಫೆಬ್ರವರಿ ಎರಡನೇ ವಾರದಲ್ಲಿ 12.53ಕ್ಕೆ. ವರ್ಷದ ಸರಾಸರಿ 12.39. ಭಾರತೀಯ ಸಮಯಕ್ಕಿಂತ 39 ನಿಮಿಷ ಹಿಂದಿದ್ದ ಬಾಂಬೆ ಟೈಮ್ ಈ ನಗರದಲ್ಲಿ 1955ರವರೆಗೂ ಬಳಕೆಯಲ್ಲಿತ್ತು. ಆ 39 ನಿಮಿಷವನ್ನು ಮಕ್ಕಳು ಒಂದು ಕೋಲಿನಿಂದ ತಾವೇ ಹಿಡಿಯುತ್ತಾರಲ್ಲ, ನನ್ನ ಮಟ್ಟಿಗೆ ಇದಕ್ಕಿಂತ ಒಳ್ಳೆಯ ಪಾಠವಿಲ್ಲ. ಮಧ್ಯಾಹ್ನದ ಪಾಳಿಯವರು ಸ್ವಲ್ಪ ಬೇಗ ಬಂದು 12 ಗಂಟೆಯಿಂದ ಐದೈದು ನಿಮಿಷಕ್ಕೆ ಚುಕ್ಕೆ ಇಡಲಿ, ಬೆಳಗಿನ ಪಾಳಿಯವರು ನಿಂತು 1.15ರವರೆಗೆ ಮುಂದುವರಿಸಲಿ. ನಡುಹಗಲಿನ ಆಸುಪಾಸು ಉದ್ದ ಬದಲಾಗುವುದೇ ಗೊತ್ತಾಗುವುದಿಲ್ಲ. ಆದ್ದರಿಂದ ಮೊದಲೂ ಆಮೇಲೂ ಒಂದೇ ಉದ್ದ ಬಂದ ಎರಡು ಚುಕ್ಕೆ ಹುಡುಕಿ, ಅವುಗಳ ಸಮಯದ ಮಧ್ಯ ತೆಗೆಯಿರಿ, ಅದೇ ನಡುಹಗಲು. ಅವೆರಡನ್ನು ಸೇರಿಸಿದ ಗೆರೆಯೇ ಪೂರ್ವ-ಪಶ್ಚಿಮ.

ಡಿಸೆಂಬರಿನಲ್ಲಿ ನಮ್ಮ ಊರಿನ ಕಡೆಯ, ಉದಾಹರಣೆಗೆ ಉಡುಪಿಯ, ಒಂದು ಶಾಲೆಯನ್ನೂ ಜೊತೆಗೆ ಸೇರಿಸಿಕೊಳ್ಳಿ. ಅದೇ ಅಳತೆಯ ಕೋಲಿಗೆ ನಡುಹಗಲಲ್ಲಿ ಮುಂಬೈಯಲ್ಲಿ ಸುಮಾರು 45.7 ಸೆಂ.ಮೀ., ಉಡುಪಿಯಲ್ಲಿ 37.4 ಸೆಂ.ಮೀ. ಬರಬೇಕು. ಕೋಲು, ನೆರಳು ಎರಡನ್ನೂ ಬದಿಗಳಾಗಿ ಇಟ್ಟು ತ್ರಿಕೋನ ಬರೆದು ಕೋಲಿನ ತಲೆಯ ಕೋನ ಅಳೆದರೆ ಎರಡು ಊರಿನ ವ್ಯತ್ಯಾಸ 5.7 ಡಿಗ್ರಿ. ಉತ್ತರ-ದಕ್ಷಿಣ ದೂರ ಸುಮಾರು 630 ಕಿ.ಮೀ. (ನಕ್ಷೆಯಲ್ಲಿ ಅಳೆಯಿರಿ, ಕೊಂಕಣ ರೈಲಿನ ದೂರ ಹಾಕಬೇಡಿ). 5.7 ಡಿಗ್ರಿಗೆ 630 ಕಿ.ಮೀ. ಆದರೆ ಪೂರ್ತಿ ಸುತ್ತಿನ 360 ಡಿಗ್ರಿಗೆ ಎಷ್ಟು? 630ನ್ನು 360ರಿಂದ ಗುಣಿಸಿ 5.7ರಿಂದ ಭಾಗಿಸಿದರೆ ಭೂಮಿಯ ಪರಿಧಿ 40,000 ಕಿ.ಮೀ.ಗೆ ತೀರಾ ಹತ್ತಿರ ಬರುತ್ತದೆ. ಒಂದು ಕಡೆ ಒಂದು ಸೆಂ.ಮೀ. ತಪ್ಪಿದರೂ ಪರಿಧಿಯ ಲೆಕ್ಕ ಸುಮಾರು 4,000ದಿಂದ 6,000 ಕಿ.ಮೀ. ಆಚೀಚೆ ಆಗುತ್ತದೆ, ಆದ್ದರಿಂದ ತ್ರಿಕೋನವನ್ನು ಪೂರ್ತಿ ಅಳತೆಯಲ್ಲೇ ಬರೆಯಿರಿ. ಉಡುಪಿಯ ನಡುಹಗಲು ನಮಗಿಂತ ಸುಮಾರು 8 ನಿಮಿಷ ಮೊದಲು. ಫೋನ್ ಮಾಡಿಕೊಂಡು ಒಂದೇ ಗಳಿಗೆಯಲ್ಲಿ ಅಳೆದರೆ ತಪ್ಪು, ಅವರವರ ನಡುಹಗಲಿಗೆ ಅವರವರು ಅಳೆಯಬೇಕು. ದಿನವೂ ಒಂದೇ ಆಗಬೇಕಿಲ್ಲ: ಡಿಸೆಂಬರ್ 18ರಿಂದ 26ರವರೆಗೆ ನೆರಳಿನ ಉದ್ದ ಹೆಚ್ಚುಕಡಿಮೆ ಬದಲಾಗುವುದಿಲ್ಲ, ಒಂದು ಕಡೆ ಮೋಡವಿದ್ದರೆ ಮರುದಿನ ಅಳೆದರೂ ನಡೆಯುತ್ತದೆ.