ನಲ್ಲಿ ಬಿಡಬೇಡಿ, ಬಾಟಲಿ ಹಿಡಿಯಿರಿ

ಚಿಕ್ಕಮಗಳೂರಿನ ಒಂದು ಖಾಸಗಿ ನೀರು ಪರೀಕ್ಷಾ ಪ್ರಯೋಗಾಲಯದಲ್ಲಿ ಮಾದರಿ ಸಂಗ್ರಹಿಸುವುದು ನನ್ನ ಕೆಲಸ. ಬಾಟಲಿಗೆ ನೀರು ತುಂಬಿಕೊಂಡು ಬರುವುದರಲ್ಲಿ ಏನಿದೆ ಎಂದು ಕೇಳುವವರು ನಮ್ಮ ಕಚೇರಿಯಲ್ಲಿಯೇ ಇದ್ದಾರೆ. ಬೇರೆ ಪರೀಕ್ಷೆಗಳ ಮಾತು ಹೇಗಾದರೂ ಇರಲಿ, ಸೀಸ (ಲೆಡ್) ಎಂಬ ವಿಷಲೋಹದ ವಿಷಯದಲ್ಲಿ ವರದಿಯ ಅರ್ಧ ಭಾಗ ನಲ್ಲಿಯ ಬುಡದಲ್ಲಿಯೇ ತೀರ್ಮಾನವಾಗಿರುತ್ತದೆ.

ನಮಗೆ ಬರುವ ಕೋರಿಕೆಗಳಲ್ಲಿ ಹೆಚ್ಚಿನವು ಹೋಂಸ್ಟೇಗಳವು. ಅವರಿಗೆ ಬೇಕಾದದ್ದು ಮುಖ್ಯವಾಗಿ ಬ್ಯಾಕ್ಟೀರಿಯಾ ಪರೀಕ್ಷೆ. ಅದಕ್ಕೊಂದು ಶಿಸ್ತಿದೆ: ನಲ್ಲಿಯ ಬಾಯಿಯ ಜಾಲರಿ ಬಿಚ್ಚಬೇಕು, ಎರಡು ಮೂರು ನಿಮಿಷ ನೀರು ಹರಿಯಬಿಡಬೇಕು, ಬಾಯಿಗೆ ಬೆಂಕಿ ತೋರಿಸಬೇಕು, ಆಮೇಲೆ ಕ್ರಿಮಿರಹಿತ ಬಾಟಲಿಗೆ ತುಂಬಬೇಕು. ಕೆಲವು ತಿಂಗಳು ಮಾಡಿದರೆ ಇದು ಕೈಗೆ ಎಷ್ಟು ಒಗ್ಗಿಹೋಗುತ್ತದೆಂದರೆ ಯಾವ ನಲ್ಲಿ ಕಂಡರೂ ಮೊದಲು ನೀರು ಬಿಡುವಂತಾಗುತ್ತದೆ. ಸೀಸಕ್ಕೆ ಇದೆಲ್ಲ ತಲೆಕೆಳಗು. ಕನಿಷ್ಠ ಆರು ಗಂಟೆ ಮನೆಯಲ್ಲಿ ಯಾರೂ ನೀರು ಬಳಸಿರಬಾರದು. ಬೆಳಿಗ್ಗೆ ಬರುವ ನೀರು ಮೊದಲ ಹನಿಯಿಂದಲೇ ಬಾಟಲಿಯೊಳಗೆ ಬೀಳಬೇಕು. ಜಾಲರಿ ಬಿಚ್ಚುವಂತಿಲ್ಲ, ಸೀಸದ ಸಣ್ಣ ಚೂರುಗಳು ಸಿಕ್ಕಿಕೊಳ್ಳುವುದು ಅಲ್ಲಿಯೇ. ನಲ್ಲಿಯನ್ನು ಸಣ್ಣಗೆ ಬಿಡುವಂತೆಯೂ ಇಲ್ಲ. ಅಡುಗೆಗೆ ಬಿಂದಿಗೆ ತುಂಬುವಾಗ ಹೇಗೆ ಬಿಡುತ್ತಾರೋ ಹಾಗೆಯೇ ಬಿಡಬೇಕು.

ಕಾರಣ ಸರಳ. ಸೀಸ ಸಾಮಾನ್ಯವಾಗಿ ಹೊಳೆಯಿಂದಲೋ ಕೊಳವೆಬಾವಿಯಿಂದಲೋ ಬರುವುದಿಲ್ಲ. ಮನೆಯ ಗೋಡೆಯೊಳಗಿನ ಪೈಪು, ಬೆಸುಗೆ, ಹಿತ್ತಾಳೆಯ ನಲ್ಲಿ, ಇವುಗಳಿಂದ ನಿಂತ ನೀರಿಗೆ ಕರಗಿ ಸೇರುತ್ತದೆ. ಎರಡು ನಿಮಿಷ ನೀರು ಹರಿಸಿದರೆ ರಾತ್ರಿಯಿಡೀ ಕರಗಿದ್ದೆಲ್ಲ ಬಚ್ಚಲಿನ ಪಾಲು. ನಮ್ಮ ಬಾಟಲಿಗೆ ಬರುವುದು ಟ್ಯಾಂಕಿನ ತಾಜಾ ನೀರು.

ಮೂಡಿಗೆರೆ ಕಡೆಯ ಒಂದು ಕಾಫಿ ತೋಟದ ಹಳೆಯ ಬಂಗಲೆಯಲ್ಲಿ ಇದು ನನಗೆ ಚೆನ್ನಾಗಿ ಮನದಟ್ಟಾಯಿತು. ಹೋಂಸ್ಟೇ ಮಾಡಲೆಂದು ಗೋಡೆ ಒಡೆದಾಗ ಪ್ಲಂಬರನಿಗೆ ಮಂಕು ಬೂದು ಬಣ್ಣದ, ಕೈಯಲ್ಲೇ ಬಾಗುವಂತಹ ಪೈಪು ಸಿಕ್ಕಿತ್ತು. ಅಯಸ್ಕಾಂತ ಅಂಟುವುದಿಲ್ಲ, ನಾಣ್ಯದಿಂದ ಗೀಚಿದರೆ ಬೆಳ್ಳಿಯಂತೆ ಹೊಳೆಯುತ್ತದೆ, ಜೋಡಣೆಯಿರುವಲ್ಲಿ ಈರುಳ್ಳಿ ಗಡ್ಡೆಯಂತೆ ಉಬ್ಬಿರುತ್ತದೆ. ಈ ಮೂರೂ ಇದ್ದರೆ ಅದು ಸೀಸವೇ. ಮಾಲೀಕರು ಮಾತ್ರ ನಿಶ್ಚಿಂತರಾಗಿದ್ದರು. ಅವರ ಬಳಿ ಎರಡು ವರದಿಗಳಿದ್ದವು: ಒಂದು ಅಬ್ಬಿ ನೀರಿನ (ಗುಡ್ಡದಿಂದ ಹರಿದುಬರುವ ನೀರಿನ) ಬಾಯಿಯಲ್ಲಿ ತುಂಬಿದ್ದು, ಇನ್ನೊಂದು ಮಧ್ಯಾಹ್ನ ಪಾತ್ರೆ ತೊಳೆದಾದ ಮೇಲೆ ಅಡುಗೆಮನೆಯಲ್ಲಿ ಹಿಡಿದದ್ದು. ಎರಡರಲ್ಲೂ ಸೀಸ ಇಲ್ಲ. ಜೊತೆಗೆ ಜೇಬಿನಿಂದ ಟಿಡಿಎಸ್ ಮೀಟರ್ (ನೀರಿನಲ್ಲಿ ಕರಗಿರುವ ಒಟ್ಟು ಲವಣಗಳನ್ನು ಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿ ತೋರಿಸುವ ಸಾಧನ) ತೆಗೆದು 40 ಎಂದು ತೋರಿಸಿದರು. ವರದಿಗಳು ಸುಳ್ಳಲ್ಲ, ಮೀಟರೂ ಸುಳ್ಳಲ್ಲ. ಆದರೆ ಕುಡಿಯುವ ನೀರಿನ ಭಾರತೀಯ ಮಾನದಂಡವಾದ ಐಎಸ್ 10500ರಲ್ಲಿ ಸೀಸದ ಮಿತಿ ಲೀಟರಿಗೆ 0.01 ಮಿಲಿಗ್ರಾಂ. ಗಡಸುತನಕ್ಕೂ ಟಿಡಿಎಸ್‌ಗೂ ಬೇರೆ ನೀರು ಸಿಗದಿದ್ದಾಗ ಇರುವ ಸಡಿಲಿಕೆ ಸೀಸಕ್ಕೆ ಇಲ್ಲ. ಆ ಮಿತಿಯ ಹತ್ತು ಪಟ್ಟು ಸೀಸವಿದ್ದರೂ ಮೀಟರಿನ 40 ಅಲುಗಾಡುವುದಿಲ್ಲ.

ಅವರು ಹೆಮ್ಮೆಪಡುತ್ತಿದ್ದ ಆ 40 ನನಗೆ ಆತಂಕದ ಸಂಗತಿಯಾಗಿತ್ತು. ಮಲೆನಾಡಿನ ಅಬ್ಬಿ ನೀರು ಮೆದು, ತುಸು ಆಮ್ಲೀಯ. ಇಂತಹ ನೀರು ಲೋಹವನ್ನು ಚೆನ್ನಾಗಿ ಕರಗಿಸುತ್ತದೆ. ಕಡೂರು, ಅರಸೀಕೆರೆ ಕಡೆಯ ಗಡಸು ಕೊಳವೆಬಾವಿ ನೀರು ಪೈಪಿನೊಳಗೆ ಸುಣ್ಣದ ಬಿಳಿ ಪದರ ಕಟ್ಟುತ್ತದೆ. ಅಲ್ಲಿನ ಗೃಹಿಣಿಯರು ಶಪಿಸುವ ಆ ಪದರ ಲೋಹಕ್ಕೂ ನೀರಿಗೂ ನಡುವೆ ಅಡ್ಡ ನಿಲ್ಲುತ್ತದೆ. (ಆ ಕಡೆಯವರಿಗೆ ಫ್ಲೋರೈಡಿನ ತಲೆನೋವು ಇದ್ದೇ ಇದೆ, ಯಾರೂ ಪೂರ್ತಿ ಅದೃಷ್ಟವಂತರಲ್ಲ.) ಅಮೆರಿಕದ ಫ್ಲಿಂಟ್ ನಗರದಲ್ಲಿ 2014ರಲ್ಲಿ ನಡೆದದ್ದೂ ಇಂತಹದೇ. ನೀರಿನ ಮೂಲವನ್ನು ನದಿಗೆ ಬದಲಿಸಿದರು, ಪೈಪು ಸವೆಯದಂತೆ ಬೆರೆಸಬೇಕಿದ್ದ ಫಾಸ್ಫೇಟನ್ನು ಬೆರೆಸಲಿಲ್ಲ, ಹಳೆಯ ಪದರ ಕಿತ್ತುಬಂದು ಸೀಸ ನೀರಿಗಿಳಿಯಿತು. ಮಾದರಿ ಹಿಡಿಯುವ ಮುನ್ನ ನೀರು ಹರಿಸಿಡುವ ರೂಢಿ ಅಲ್ಲಿಯೂ ಇತ್ತು. ಹಾಗೆ ಮಾಡಬಾರದು, ಜಾಲರಿ ಬಿಚ್ಚಬಾರದು, ಅಗಲ ಬಾಯಿಯ ಬಾಟಲಿ ಬಳಸಬೇಕು ಎಂದು ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ 2016ರ ಫೆಬ್ರವರಿಯಲ್ಲಿ ಸ್ಪಷ್ಟಪಡಿಸಬೇಕಾಯಿತು.

ಬಂಗಲೆಯಲ್ಲಿ ನಾವು ಬೆಳಗಿನ ಮೊದಲ ನೀರನ್ನು ಒಂದರ ಹಿಂದೆ ಒಂದರಂತೆ ಲೀಟರ್ ಬಾಟಲಿಗಳಲ್ಲಿ ಹಿಡಿದೆವು. ಒಳವ್ಯಾಸ 15 ಮಿಲಿಮೀಟರ್ ಇರುವ ಪೈಪಿನಲ್ಲಿ ಮೀಟರಿಗೆ ಸುಮಾರು 175 ಮಿಲಿಲೀಟರ್ ನೀರು ನಿಲ್ಲುತ್ತದೆ. ಅಂದರೆ ಮೊದಲ ಬಾಟಲಿ ನಲ್ಲಿಯಿಂದ ಐದಾರು ಮೀಟರಿನ ಕಥೆ ಹೇಳುತ್ತದೆ, ಅದರಾಚೆಗಿನದನ್ನು ಮುಂದಿನ ಬಾಟಲಿಗಳು ಹೇಳುತ್ತವೆ. ನಮ್ಮ ಮೊದಲ ಬಾಟಲಿ ಮಿತಿಯ ಆಸುಪಾಸಿನಲ್ಲಿತ್ತು. ಮೂರನೆಯದರಿಂದ ಏರಿ ಮಿತಿಯನ್ನು ಹಲವು ಪಟ್ಟು ಮೀರಿ, ಮತ್ತೆ ಇಳಿಯಿತು. ಹಳೆಯ ಊಟದ ಕೋಣೆಯ ಗೋಡೆಯೊಳಗಿನ ಸೀಸದ ಪೈಪು ಎಲ್ಲಿಂದ ಎಲ್ಲಿಯವರೆಗಿದೆ ಎಂಬುದನ್ನು ಗಾರೆ ಕೀಳದೆಯೇ ಬಾಟಲಿಗಳು ತೋರಿಸಿದ್ದವು. ಒಂದೇ ಬಾಟಲಿ ಹಿಡಿದಿದ್ದರೆ ‘ಸ್ವಲ್ಪ ಹೆಚ್ಚು’ ಎಂದು ಬರೆದು ಮುಗಿಸುತ್ತಿದ್ದೆವು. ತೋಟದ ಕಾರ್ಮಿಕರ ಲೈನ್ ಮನೆಗಳಿಗೆ ಅದೇ ಅಬ್ಬಿಯ ನೀರು ಕಪ್ಪು ಎಚ್‌ಡಿಪಿಇ ಪ್ಲಾಸ್ಟಿಕ್ ಪೈಪಿನಲ್ಲಿ ಹೋಗುತ್ತಿತ್ತು. ಅಲ್ಲಿ ಸೀಸದ ಸುಳಿವೇ ಇರಲಿಲ್ಲ.

‘ಕುದಿಸಿದರೆ ಹೋಗುವುದಿಲ್ಲವೇ?’ ಎಂದರು ಮಾಲೀಕರು. ಹೋಗುವುದಿಲ್ಲ, ನೀರು ಆವಿಯಾಗುತ್ತದೆ, ಸೀಸ ಉಳಿಯುತ್ತದೆ. ಬಿಸಿನೀರಿನ ನಲ್ಲಿಯಿಂದಲೇ ಕಾಫಿಗೆ ನೀರು ಹಿಡಿಯುವುದು ಇನ್ನೂ ಕೆಟ್ಟದ್ದು, ಬಿಸಿನೀರಿಗೆ ಸೀಸ ಬೇಗ ಕರಗುತ್ತದೆ. ಆರ್‌ಒ ಯಂತ್ರ ತಡೆಯುತ್ತದೆ. ಆ ಮನೆಗೆ ರಜೆಯಲ್ಲಿ ಬರುವ ಸಣ್ಣ ಮಕ್ಕಳಿದ್ದರು, ಹಾಗಾಗಿ ಪೈಪು ಬದಲಾಗುವವರೆಗೆ ಕುಡಿಯಲು ಲೈನ್ ಮನೆಯ ಕಡೆಯ ನೀರನ್ನೇ ತಂದು ಕುದಿಸಿ ಬಳಸಿ ಎಂದೆವು. ಮಕ್ಕಳ ಮಿದುಳಿನ ವಿಷಯದಲ್ಲಿ ಸೀಸಕ್ಕೆ ಸುರಕ್ಷಿತ ಪ್ರಮಾಣ ಎಂಬುದು ಇಲ್ಲ.

ಪ್ಲಂಬರ್ ಕೈಗೆ ಸಿಕ್ಕಷ್ಟು ಸೀಸ ಕತ್ತರಿಸಿ ತಾಮ್ರದ ತುಂಡು ಜೋಡಿಸಿದ. ಮುಂದಿನ ಮಾದರಿಯಲ್ಲಿ ಅಂಕಿ ಏರಿತ್ತು. ಕತ್ತರಿಸುವಾಗ ಪೈಪಿನೊಳಗೆ ಅಂಟಿದ ಸೀಸದ ಪದರ ಅಲುಗಾಡುತ್ತದೆ, ತಾಮ್ರ ಮತ್ತು ಸೀಸ ತಾಗಿದಲ್ಲಿ ವಿದ್ಯುದ್ರಾಸಾಯನಿಕ ಸವೆತ ಶುರುವಾಗುತ್ತದೆ. ಆಮೇಲೆ ಸೀಸವನ್ನಷ್ಟೇ ಅಲ್ಲ, ಅದರ ಮುಂದಿದ್ದ ತುಕ್ಕು ಹಿಡಿದ ಜಿ.ಐ. (ಸತು ಲೇಪಿಸಿದ ಕಬ್ಬಿಣದ) ಪೈಪನ್ನೂ ತೆಗೆಸಬೇಕಾಯಿತು. ವರ್ಷಗಟ್ಟಲೆ ಸೀಸ ಹೀರಿಕೊಂಡ ತುಕ್ಕು ಅದನ್ನು ನಿಧಾನವಾಗಿ ಬಿಟ್ಟುಕೊಡುತ್ತಲೇ ಇರುತ್ತದೆ.

ಇದನ್ನು ಓದಿ ಎಲ್ಲರೂ ಗೋಡೆ ಒಡೆಯುವ ಅಗತ್ಯವಿಲ್ಲ. ನಮ್ಮ ಜಿಲ್ಲೆಯಲ್ಲಿ ಸೀಸದ ಪೈಪು ಅಪರೂಪ. ಹಳೆಯ ಬಣ್ಣ, ಸೀಸ ಬೆರೆಸಿದ ಕಲಾಯಿ, ಹಳೆಯ ಬ್ಯಾಟರಿ ಕರಗಿಸುವ ಜಾಗ, ಇವು ನನ್ನ ಲೆಕ್ಕದಲ್ಲಿ ಹೆಚ್ಚು ಅಪಾಯಕಾರಿ. ಹೊಸ ಮನೆಗಳವರು ನೋಡಬೇಕಾದದ್ದು ಪಿವಿಸಿ ಪೈಪು. ಅದಕ್ಕೆ ಸ್ಥಿರಕಾರಿಯಾಗಿ (ಪ್ಲಾಸ್ಟಿಕ್ ಬಿಸಿಗೆ ಕೆಡದಂತೆ) ಸೀಸ ಬೆರೆಸುವುದನ್ನು ನಿಯಂತ್ರಿಸಲು ಕೇಂದ್ರ ಸರ್ಕಾರ 2021ರಲ್ಲಿ ನಿಯಮ ತಂದಿದೆ; ಐಎಸ್‌ಐ ಗುರುತಿಲ್ಲದ ಅಗ್ಗದ ಪೈಪಿನ ಬಗ್ಗೆ ಅಂಗಡಿಯವನ ಮಾತು ನಂಬಬೇಡಿ.

ಬೆಳಗಿನ ಮೊದಲ ನೀರಿಗಾಗಿ ಐದು ಗಂಟೆಗೆ ತೋಟಗಳಿಗೆ ವಾಹನ ಕಳುಹಿಸಲು ನಮ್ಮ ವ್ಯವಸ್ಥಾಪಕರು ಒಪ್ಪಲಿಲ್ಲ. ಅದಕ್ಕೇ ಈಗ ಹಿಂದಿನ ಸಂಜೆಯೇ ಖಾಲಿ ಬಾಟಲಿಗಳನ್ನು ಮನೆಯವರ ಕೈಗೆ ಕೊಟ್ಟು ಬರುತ್ತೇವೆ. ಎಲ್ಲಕ್ಕೂ ಕ್ರಮಸಂಖ್ಯೆ, ರಾತ್ರಿ ಕೊನೆಯದಾಗಿ ನೀರು ಬಳಸಿದ ಸಮಯ ಬರೆಯಲು ಒಂದು ಚೀಟಿ. ಸೀಸ ಬಾಟಲಿಯ ಗೋಡೆಗೆ ಅಂಟಿ ಉಳಿಯದಂತೆ ಬೆರೆಸುವ ನೈಟ್ರಿಕ್ ಆಮ್ಲವನ್ನು ಬಾಟಲಿಯಲ್ಲಿ ಹಾಕಿ ಕಳುಹಿಸುವುದಿಲ್ಲ, ಪ್ರಯೋಗಾಲಯಕ್ಕೆ ಬಂದ ಮೇಲೆ ಸೇರಿಸಿ ಒಂದು ರಾತ್ರಿ ಇಟ್ಟು ಪರೀಕ್ಷಿಸುತ್ತೇವೆ. ಚೀಟಿಯಲ್ಲಿ ಸಮಯ ಬರೆಯದೆ ಬಂದ ಬಾಟಲಿಯನ್ನು ವಾಪಸು ಕಳುಹಿಸುವ ಅಧಿಕಾರವನ್ನೂ ಒಂದಿಷ್ಟು ಜಗಳದ ನಂತರ ಪಡೆದುಕೊಂಡಿದ್ದೇನೆ.