ಬೆಳ್ಳಿ ಗಟ್ಟಿಗೆ ಬಿದ್ದ ತೂತು ಮತ್ತು ನಮ್ಮ ಡೆಸ್ಕಿನ ಕೆಂಪು ದೀಪ

ಅಮೆರಿಕದ ಎಂಗಲ್‌ಹಾರ್ಡ್ ಕಂಪನಿಯ ಹಳೆಯ ಎರಕದ ಬೆಳ್ಳಿ ಗಟ್ಟಿಯೊಂದಕ್ಕೆ, ಹಳೆಯ ಗಟ್ಟಿಗಳನ್ನು ಪರೀಕ್ಷಿಸಿ ಕೊಳ್ಳುವ ನಮ್ಮ ಬೈಯಿಂಗ್ ಡೆಸ್ಕಿನಲ್ಲಿ, ಖೋಟಾ ಇರಬಹುದೆಂಬ ಅನುಮಾನಕ್ಕೆ 3 ಮಿ.ಮೀ. ತೂತು ಬಿತ್ತು. ಒಳಗಿನಿಂದ ಬಂದ ಚೂರು ಅಪ್ಪಟ ಬೆಳ್ಳಿ, ಅಂದರೆ ಗಟ್ಟಿ ಅಸಲಿ. ಆದರೆ ತೂತು ಬಿದ್ದ ಕ್ಷಣದಿಂದ ಅದು ಬರೀ ಬೆಳ್ಳಿ ಅಷ್ಟೇ. ಕಲೆಕ್ಟರ್ (ಹಳೆಯ ಗಟ್ಟಿ ಸಂಗ್ರಹಿಸುವವರ) ಟ್ರೇಯಿಂದ ಇಳಿದು, ‘ಕರಗಿಸಿ’ ಎಂಬ ಮೆಲ್ಟ್ ಟಿಕೆಟ್ ಅಂಟಿಸಿಕೊಂಡು ರಿಫೈನರಿಗೆ ಹೋಗುವ ರಾಶಿ ಸೇರಿತು. ಗಟ್ಟಿಯ ಮಾಲೀಕರಿಗೆ ಪ್ರೀಮಿಯಂ (ಲೋಹದ ಬೆಲೆಯ ಮೇಲಿನ ಹೆಚ್ಚುವರಿ) ತುಂಬಿಕೊಟ್ಟದ್ದು ಕಂಪನಿ. ಬೈಗುಳ ತಿಂದದ್ದು ಡೆಸ್ಕು.

ಗಟ್ಟಿಯ ಮೇಲೆ ಪಂಚ್ ಹಿಡಿದು ಕೈಯಿಂದ ಬಡಿದು ಬರೆದ ತೂಕ 10.14 ಔನ್ಸ್ (ಬೆಳ್ಳಿ ತೂಗುವ ಟ್ರಾಯ್ ಔನ್ಸ್). ಗ್ರಾಂ ಲೆಕ್ಕದಲ್ಲಿ 315.39. ತಕ್ಕಡಿಯೂ ಅದನ್ನೇ ತೋರಿಸಿತು, ಆದರೆ ಕೊನೆಯ ಅಂಕಿ ನಿಲ್ಲದೆ ನಿಧಾನವಾಗಿ ಮೇಲೇರುತ್ತಿತ್ತು. ತಕ್ಕಡಿಯೇ ಡ್ರಿಫ್ಟ್ ಆಗುತ್ತಿದೆ ಎಂದು ಡೆಸ್ಕಿನವರು ಅದನ್ನು ಮತ್ತೆ ಸೊನ್ನೆಗೆ ತಂದು (ಟೇರ್ ಮಾಡಿ) ಮುಂದೆ ಹೋದರು. ಅಸಲಿಗೆ ಏರುತ್ತಿದ್ದುದು ನೀರಿನ ತೂಕ. ರಾತ್ರಿಯೆಲ್ಲ ಕೊರಿಯರ್ ವ್ಯಾನಿನ ಚಳಿಯಲ್ಲಿದ್ದ ಲೋಹವನ್ನು ಪೆಟ್ಟಿಗೆಯಿಂದ ತೆಗೆದ ಹತ್ತು ನಿಮಿಷಕ್ಕೇ ಬೆಚ್ಚನೆಯ ಕೋಣೆಯಲ್ಲಿ ತಕ್ಕಡಿಗಿಟ್ಟರೆ ಅದರ ಮೈಮೇಲೆ ಹನಿ ಕಟ್ಟುತ್ತದೆ. ಮೊದಲ ಸುಳಿವು ಅಲ್ಲೇ ಇತ್ತು.

ಮುಂದಿನದು ರೆಸಿಸ್ಟಿವಿಟಿ ಮೀಟರ್, ಲೋಹ ವಿದ್ಯುತ್ತಿಗೆ ಎಷ್ಟು ತಡೆಯೊಡ್ಡುತ್ತದೆ ಎಂದು ಅಳೆಯುವ ಯಂತ್ರ. ಪರದೆಯ ಗುರುತು ಬೆಳ್ಳಿಗೆ ಗೊತ್ತುಮಾಡಿದ ಮಿತಿ (ಬ್ರಾಕೆಟ್) ದಾಟಿ ಕೆಂಪು ಬಂತು. ತಿರುಗಿಸಿ ಇಟ್ಟರೂ ಕೆಂಪು. ಬೇರೆ ಪ್ರೋಬ್ ಹಾಕಿದರೂ ಕೆಂಪು. ಆ ಕೆಲವು ನಿಮಿಷ ಡೆಸ್ಕಿನ ಸುತ್ತ ಜನ ಸೇರಿದರು, ಎಲ್ಲರ ಕಣ್ಣೂ ಬಣ್ಣದ ಮೇಲೆ. ಗುರುತು ಬ್ರಾಕೆಟ್ಟನ್ನು ಯಾವ ಕಡೆಯಿಂದ ದಾಟಿದೆ ಎಂದು ಯಾರೂ ಕೇಳಲಿಲ್ಲ. ಅದು ದಾಟಿದ್ದು ‘ಇನ್ನೂ ಚೆನ್ನಾಗಿ ವಿದ್ಯುತ್ ಹರಿಸುತ್ತದೆ’ ಎಂಬ ಕಡೆಗೆ. ಲೋಹಗಳಲ್ಲೆಲ್ಲ ಅತಿ ಚೆನ್ನಾಗಿ ವಿದ್ಯುತ್ ಹರಿಸುವುದು ಬೆಳ್ಳಿಯೇ. ತಾಮ್ರ, ಹಿತ್ತಾಳೆ, ಸೀಸ, ಮಾಲಿಬ್ಡಿನಂ ಯಾವುದನ್ನು ಒಳಗೆ ತುಂಬಿದರೂ ಗುರುತು ಇನ್ನೊಂದು ಬದಿಗೆ ಹೋಗಬೇಕು. ಬೆಳ್ಳಿಗಿಂತ ಒಳ್ಳೆಯ ರೀಡಿಂಗ್ ಕೊಡುವ ಖೋಟಾ ಮಾಲು ಇರಲು ಸಾಧ್ಯವಿಲ್ಲ. ಅಂಥ ರೀಡಿಂಗ್ ಬಂದರೆ ಅಳತೆಯಲ್ಲೇ ದೋಷವಿದೆ ಎಂದರ್ಥ. ಬೆಳ್ಳಿಯ ರೆಸಿಸ್ಟಿವಿಟಿ ಡಿಗ್ರಿಗೆ ಸುಮಾರು ಶೇ 0.38ರಷ್ಟು ಬದಲಾಗುತ್ತದೆ. ಗಟ್ಟಿ ಕೋಣೆಗಿಂತ 20 ಡಿಗ್ರಿ ತಣ್ಣಗಿದ್ದರೆ ಶೇ 7ಕ್ಕೂ ಹೆಚ್ಚು ವ್ಯತ್ಯಾಸ. ನಮ್ಮ ಮೀಟರ್ ತನ್ನ ಸುತ್ತಲಿನ ತಾಪ ನೋಡಿ ಲೆಕ್ಕ ತಿದ್ದಿಕೊಳ್ಳುತ್ತದೆಯೇ ಹೊರತು ಗಟ್ಟಿಯ ತಾಪ ಅದಕ್ಕೆ ಗೊತ್ತಾಗುವುದಿಲ್ಲ.

ಅನುಮಾನ ಹುಟ್ಟಿದ ಮೇಲೆ, ನೀರಿನಲ್ಲಿ ಮುಳುಗಿಸಿ ತೂಗಿ ಸಾಂದ್ರತೆ ಕಂಡುಕೊಳ್ಳುವ ಪರೀಕ್ಷೆ. ಘನ ಸೆಂ.ಮೀ.ಗೆ 10.38 ಗ್ರಾಂ ಬಂತು. ಶುದ್ಧ ಬೆಳ್ಳಿಗೆ ಇರಬೇಕಾದದ್ದು 10.49. ನಮ್ಮ ಎಸ್‌ಒಪಿ (ಕೆಲಸದ ಲಿಖಿತ ಕ್ರಮ) ಪ್ರಕಾರ 0.05ಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಫೇಲ್. ಆ ಮಿತಿ ಬರೆದವರ ತಲೆಯಲ್ಲಿದ್ದದ್ದು ಯಂತ್ರದಲ್ಲಿ ಮುದ್ರೆಯೊತ್ತಿದ ನಯವಾದ ಮಿಂಟೆಡ್ ಬಾರ್. ಕರಗಿದ ಬೆಳ್ಳಿ ತನ್ನ ಗಾತ್ರದ ಸುಮಾರು 20 ಪಟ್ಟು ಆಮ್ಲಜನಕ ಹೀರಿಕೊಂಡು, ಗಟ್ಟಿಯಾಗುವಾಗ ಅದನ್ನು ಉಗುಳುತ್ತದೆ. ಹಾಗಾಗಿ ಎರಕದ ಗಟ್ಟಿಯ ಮೇಲೆ ಸೂಜಿತೂತು, ಒಳಗೆ ಗುಳ್ಳೆ ಸಹಜ. 315 ಗ್ರಾಂ ಗಟ್ಟಿ ನೀರಿನಲ್ಲಿ 30 ಗ್ರಾಂ ತೂಕ ಕಳೆದುಕೊಳ್ಳಬೇಕು. ಒಳಗೂ ಹೊರಗೂ ಸೇರಿ 0.3 ಘನ ಸೆಂ.ಮೀ. ಗಾಳಿ ಸಿಕ್ಕಿಕೊಂಡರೆ ಸಾಕು, ಉತ್ತರ 10.38ಕ್ಕೆ ಇಳಿಯುತ್ತದೆ. ಬಟ್ಟಿ ಇಳಿಸಿದ ನೀರಿಗೆ ಒಂದು ತೊಟ್ಟು ಪಾತ್ರೆ ತೊಳೆಯುವ ಸೋಪು ಹಾಕಿ, ಗಟ್ಟಿಯನ್ನು ಓರೆಯಾಗಿ ಇಳಿಸಿ, ಮೆದು ಬ್ರಷ್‌ನಿಂದ ಗುಳ್ಳೆ ಬಿಡಿಸಿ ಮತ್ತೆ ತೂಗಬೇಕಿತ್ತು. ತೂಗಲಿಲ್ಲ.

ಎಕ್ಸ್-ಕಿರಣ ಹಾಯಿಸಿ ಲೋಹ ಗುರುತಿಸುವ ಎಕ್ಸ್‌ಆರ್‌ಎಫ್ ಯಂತ್ರ ಮಾತ್ರ ಶೇ 99.9 ಬೆಳ್ಳಿ ಎಂದಿತ್ತು. ಅದನ್ನು ಒಬ್ಬರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ, ಅದೊಂದು ಸರಿಯಾದ ತೀರ್ಮಾನ. ಆ ಯಂತ್ರ ಕಾಣುವುದು ಮೇಲಿನ ಹತ್ತಾರು ಮೈಕ್ರಾನ್ ಅಷ್ಟೇ, ದಪ್ಪ ಲೇಪನವಿದ್ದರೆ ಅಲ್ಲಿಗೇ ಮೋಸಹೋಗುತ್ತದೆ. ಎರಡು ಫೇಲ್, ಒಂದು ನಂಬಲಾಗದ ಪಾಸ್. ಡೆಸ್ಕಿನ ಮುಖ್ಯಸ್ಥರು ‘ಡ್ರಿಲ್’ ಎಂದರು.

ಡ್ರಿಲ್ ಎತ್ತಿಕೊಳ್ಳುವ ಮೊದಲು ಮಾಡಬಹುದಾದ ಕೆಲಸ ಬೇಕಾದಷ್ಟಿದೆ. ಮೊದಲನೆಯದು ಕಾಯುವುದು. ಬಬಲ್ ರ‍್ಯಾಪ್ ಬಿಚ್ಚಿ ಬರಿಮೈಯಲ್ಲಿಟ್ಟರೆ 10 ಔನ್ಸಿಗೆ ಅರ್ಧ ಗಂಟೆಯ ಮೇಲೆ, ಕಿಲೋ ಗಟ್ಟಿಗೆ ಒಂದು ಗಂಟೆಯ ಆಸುಪಾಸು, 100 ಔನ್ಸಿಗೆ ಎರಡು ಗಂಟೆ. ಅಲ್ಯೂಮಿನಿಯಂ ತಟ್ಟೆಯ ಮೇಲಿಟ್ಟರೆ ಇನ್ನೂ ಬೇಗ. ಸುತ್ತಿಟ್ಟದ್ದನ್ನು ಬಿಚ್ಚದೆ ಎಷ್ಟು ಹೊತ್ತು ಕಾದರೂ ಪ್ರಯೋಜನ ಕಡಿಮೆ. ಆಮೇಲೆ ಲೋಹದೊಳಗೆ ಶಬ್ದ ಕಳಿಸಿ ದಪ್ಪ ಅಳೆಯುವ ಅಲ್ಟ್ರಾಸಾನಿಕ್ ಗೇಜು. ಬೆಳ್ಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 3,650 ಮೀಟರ್, ತಾಮ್ರದಲ್ಲಿ 4,700ರ ಹತ್ತಿರ, ಸೀಸದಲ್ಲಿ 2,200ರ ಹತ್ತಿರ. ಗೇಜನ್ನು ಬೆಳ್ಳಿಗೆ ಹೊಂದಿಸಿ, ಕ್ಯಾಲಿಪರ್‌ನಲ್ಲಿ 10 ಮಿ.ಮೀ. ಬಂದ ಜಾಗದಲ್ಲಿ ಇಟ್ಟರೆ ತಾಮ್ರದ ಗಟ್ಟಿ 7.8, ಸೀಸದ್ದು 16ಕ್ಕೂ ಮೇಲೆ ತೋರಿಸುತ್ತದೆ. ಎರಕದ ಗಟ್ಟಿಯ ಮೇಲ್ಮೈ ನಡುವೆ ತಗ್ಗಿರುತ್ತದೆ, ಎರಡು ಮುಖ ಸಮಾಂತರ ಇರುವುದಿಲ್ಲ. ಅದಕ್ಕೇ ಒಂದೇ ಕಡೆ ಒತ್ತಿ ಬಿಡದೆ ಐದಾರು ಕಡೆ ನೋಡಬೇಕು, ಪ್ರತಿ ಕಡೆಯೂ ಕ್ಯಾಲಿಪರ್ ಹಾಕಬೇಕು. ಗೇಜಿಗಾಗಿ ಹಚ್ಚಿದ ಜೆಲ್ ಒಣಗುವ ಮೊದಲು ಒರೆಸಿ, ಇಲ್ಲದಿದ್ದರೆ ಕಲೆ ಉಳಿಯುತ್ತದೆ.

ಸಾಂದ್ರತೆ ಸರಿಬಂದರೂ ನಿಶ್ಚಿಂತೆಯಿಲ್ಲ. ಗಾತ್ರದಲ್ಲಿ ಶೇ 64 ಸೀಸ, ಶೇ 36 ತಾಮ್ರ ಸೇರಿಸಿದರೆ ಲೆಕ್ಕ 10.49ಕ್ಕೇ ಬರುತ್ತದೆ. ಅಯಸ್ಕಾಂತ ನಿಧಾನವಾಗಿ ಜಾರಿತು ಎಂಬುದೂ ಸಾಲದು, ತಾಮ್ರದ ಮೇಲೂ ಹಾಗೇ ಜಾರುತ್ತದೆ.

ಹಳೆಯ ಗಟ್ಟಿಗಳ ವಿಷಯದಲ್ಲಿ, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ (ಸಣ್ಣ ಭೂತಗನ್ನಡಿ) ಯಂತ್ರಕ್ಕಿಂತ ಹೆಚ್ಚು ಹೇಳುತ್ತದೆ. ಸೀರಿಯಲ್ ನಂಬರನ್ನು ಪಂಚ್‌ನಿಂದ ಬಡಿದಾಗ ಲೋಹ ಪಕ್ಕಕ್ಕೆ ಸರಿದು ಅಕ್ಷರದ ಅಂಚಿನಲ್ಲಿ ಸಣ್ಣ ಏರು ನಿಲ್ಲುತ್ತದೆ. ಒಂದೊಂದಾಗಿ ಬಡಿದ ಅಂಕಿಗಳ ಆಳವೂ ಸಾಲೂ ಸ್ವಲ್ಪ ಹೆಚ್ಚುಕಮ್ಮಿ. ಅಸಲಿಯಿಂದ ಅಚ್ಚು ತೆಗೆದು ಎರೆದ ನಕಲಿಯಲ್ಲಿ ಆ ಏರು ಮೆತ್ತಗಾಗಿರುತ್ತದೆ, ಅಕ್ಷರದ ತಳದಲ್ಲಿ ಚುಕ್ಕಿಗುಳಿ ಇರುತ್ತದೆ. ಒಂದೇ ಅಚ್ಚಿನಿಂದ ಬಂದವೆಲ್ಲಕ್ಕೂ ಒಂದೇ ಸೀರಿಯಲ್. ಹಿಂದೆ ತಿರಸ್ಕರಿಸಿದ ನಂಬರುಗಳ ಪಟ್ಟಿ ಇಟ್ಟುಕೊಂಡಿದ್ದರೆ ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ. ನಮ್ಮ ಪಟ್ಟಿ ಇರುವುದು ರಜೆಯಲ್ಲಿರುವವರೊಬ್ಬರ ಲ್ಯಾಪ್‌ಟಾಪಿನಲ್ಲಿ.

ಇಷ್ಟೆಲ್ಲ ತಲೆಬಿಸಿ ಯಾಕೆಂದರೆ ಅಪರೂಪದ ಗಟ್ಟಿಯ ಹೆಚ್ಚುವರಿ ಬೆಲೆಯೆಲ್ಲ ಮೈಮೇಲೆಯೇ ಇರುವುದು: ಮುದ್ರೆ, ತಣಿದ ಗೆರೆ, ಹಳೆಯ ಬಣ್ಣ. ಆ ಮೈ ಕೆಟ್ಟರೆ ಉಳಿಯುವುದು ಸ್ಪಾಟ್ (ಲೋಹದ ಮಾರುಕಟ್ಟೆ ಬೆಲೆ), ಅದರಲ್ಲೂ ರಿಫೈನರಿ ಕಡಿತ. ಹಾಗೆಂದು ಹಳೆಯದೆಲ್ಲ ಅಪರೂಪವೂ ಅಲ್ಲ. ಎಂಗಲ್‌ಹಾರ್ಡ್ ಬೆಳ್ಳಿ ಗಟ್ಟಿ ಮಾಡುವುದನ್ನು 1980ರ ದಶಕದಲ್ಲೇ ನಿಲ್ಲಿಸಿತು, 2006ರಲ್ಲಿ ಕಂಪನಿಯೇ ಜರ್ಮನಿಯ ಬಿಎಎಸ್‌ಎಫ್ ಪಾಲಾಯಿತು. ಅದರಂತೆಯೇ ಹೆಸರಾದ ಬ್ರಿಟನ್ನಿನ ಜಾನ್ಸನ್ ಮ್ಯಾಥಿ ತನ್ನ ಚಿನ್ನ-ಬೆಳ್ಳಿ ರಿಫೈನಿಂಗನ್ನು 2015ರಲ್ಲಿ ಜಪಾನಿನ ಅಸಾಹಿಗೆ ಮಾರಿತು. ‘ಇನ್ನು ತಯಾರಾಗುವುದಿಲ್ಲ’ ಎಂಬ ಒಂದೇ ಸಾಲು ಹಿಡಿದು 100 ಔನ್ಸ್ ಗಟ್ಟಿಗೂ ಕಲೆಕ್ಟರ್ ಬೆಲೆ ಕೇಳುವವರಿದ್ದಾರೆ. ಈ ಎರಡು ಹೆಸರಿನ 100 ಔನ್ಸ್ ಗಟ್ಟಿಗಳು ಮಾರುಕಟ್ಟೆಯಲ್ಲಿ ರಾಶಿಯಿವೆ, ಅವು ಸಾಮಾನ್ಯ ಬುಲಿಯನ್ನಿನ ಜೊತೆಗೇ ತೂಗುತ್ತವೆ. ಬೇಡಿಕೆ ಇರುವುದು 3, 4, 7, 20, 25 ಔನ್ಸಿನಂಥ ಅಳತೆಗಳಿಗೆ, 10.14ರಂಥ ಪೂರ್ಣವಲ್ಲದ ತೂಕ ಬಡಿದ ಹಳೆಯ ಎರಕಕ್ಕೆ, ಕೆಲವೇ ಗಟ್ಟಿಗಳ ಮೇಲೆ ಬಂದ ಸೀರಿಯಲ್ ಪ್ರಿಫಿಕ್ಸಿಗೆ (ನಂಬರಿನ ಮುಂಭಾಗ).

ಯಾರೂ ಕೇಳದ ಸಣ್ಣ ರಿಫೈನರಿಯ ಗಟ್ಟಿ ಇವೆಲ್ಲಕ್ಕಿಂತ ಅಪರೂಪ ಇರಬಹುದು. ಆದರೆ ಅದನ್ನು ಹುಡುಕುವವರು ನಾಲ್ಕು ಜನ ಇಲ್ಲದಿದ್ದರೆ ಬಿಡ್ ಹಾಕುವವರು ಯಾರು? ಕೇಳಿದ ಬೆಲೆಯನ್ನಲ್ಲ, ಮಾರಾಟವಾದ ಬೆಲೆಯನ್ನು ನೋಡಬೇಕು, ಅದರಲ್ಲೂ ಒಂದೇ ಮಾರಾಟವನ್ನು ನಂಬಬಾರದು. ಅಮೆರಿಕದ ಖಾಸಗಿ ಟಂಕಸಾಲೆ ಫ್ರಾಂಕ್ಲಿನ್ ಮಿಂಟ್‌ನ ಇಂಗಟ್ (ಚಿಕ್ಕ ಗಟ್ಟಿ) ಬಂದಾಗ ಇನ್ನೊಂದು ಎಚ್ಚರ: 1,000 ಗ್ರೇನ್ ಸ್ಟರ್ಲಿಂಗ್ (ಶೇ 92.5 ಬೆಳ್ಳಿ) ಎಂದರೆ 64.8 ಗ್ರಾಂ, ಅದರಲ್ಲಿ ಬೆಳ್ಳಿ 1.927 ಔನ್ಸ್ ಮಾತ್ರ. ಟ್ರೈನಿಗಳು ಅದನ್ನು 999 (ಶೇ 99.9 ಶುದ್ಧ) ಎಂದು ಟೈಪ್ ಮಾಡುವುದು ಇಂದಿಗೂ ನಿಂತಿಲ್ಲ.

ಕೊಳ್ಳುವ ಬೆಲೆ ಲೆಕ್ಕಹಾಕುವ ನಮ್ಮ ಕೋಟ್ ಸಾಫ್ಟ್‌ವೇರ್ ಬಗ್ಗೆ ಹೇಳದಿದ್ದರೆ ಸಮಾಧಾನವಿಲ್ಲ. ಪ್ರೀಮಿಯಂ ಕಾಲಂ ಶೇಕಡಾವಾರು ಮಾತ್ರ ತೆಗೆದುಕೊಳ್ಳುತ್ತದೆ. ಸ್ಪಾಟ್ 30 ಡಾಲರ್ ಇದ್ದಾಗ ಶೇ 50 ಎಂದು ಹಾಕಿದರೆ ಔನ್ಸಿಗೆ 15 ಡಾಲರ್. ಸ್ಪಾಟ್ 45ಕ್ಕೆ ಏರಿದರೆ ಅದೇ ಕಾಲಂ 22.50 ತೋರಿಸುತ್ತದೆ. ಕಲೆಕ್ಟರ್ ಜೇಬು ಸ್ಪಾಟ್ ಜೊತೆ ಏರುವುದಿಲ್ಲ. ವಾಸ್ತವದಲ್ಲಿ ಬೆಲೆ ಜಿಗಿದಾಗ ಎಲ್ಲರೂ ಮಾರಲು ಬರುತ್ತಾರೆ, ಕೊಳ್ಳುವವರ ಕೈ ಬಿಗಿಯಾಗುತ್ತದೆ, ಪ್ರೀಮಿಯಂ ಕುಗ್ಗುತ್ತದೆ. ಸಾಧಾರಣ ಹಳೆಯ ಗಟ್ಟಿಗಳು ಸ್ಪಾಟಿಗಿಂತ ಕೆಳಗೆ ಹೋಗುವುದೂ ಉಂಟು. 1980ರ ಜನವರಿಯಲ್ಲಿ ಬೆಳ್ಳಿ 50 ಡಾಲರ್ ಹತ್ತಿರ ಹೋಗಿ, ಮಾರ್ಚ್ 27ಕ್ಕೆ 11ರ ಆಸುಪಾಸಿಗೆ ಬಿತ್ತು. ಅಂಥ ಏರಿಳಿತದಲ್ಲಿ ಲೋಹದ ಪಾಲು ಮತ್ತು ಹೆಸರಿನ ಪಾಲು ಎರಡನ್ನೂ ಬೇರೆಬೇರೆ ಸಾಲಿನಲ್ಲಿ ಬರೆದುಕೊಳ್ಳದವರು ಎರಡರಲ್ಲೂ ಕೈಸುಟ್ಟುಕೊಳ್ಳುತ್ತಾರೆ. ನಾವು ಈಗ ಹೆಸರಿನ ಪಾಲನ್ನು ಡಾಲರ್‌ನಲ್ಲೇ ಕಾಗದದ ಮೇಲೆ ಬರೆದು ಪಿನ್ ಮಾಡುತ್ತೇವೆ.

ಮಾರಲು ತರುವ ಮೊದಲು ಗಟ್ಟಿ ಉಜ್ಜಬೇಡಿ. ಡಿಪ್ (ಹೊಳಪಿಸುವ ದ್ರಾವಣ) ಹಾಕಿದ ಮೈಯ ಸಪ್ಪೆ ಬಿಳುಪು ಡೆಸ್ಕಿನ ಆಚೆ ಬದಿಯಿಂದಲೇ ಕಾಣುತ್ತದೆ. ಪಿವಿಸಿ ಕವರ್ ಹಸಿರು ಜಿಡ್ಡು ಬಿಡುತ್ತದೆ, ರಬ್ಬರ್ ಬ್ಯಾಂಡಿನ ಗಂಧಕ ಕಪ್ಪು ಪಟ್ಟೆ ಎಳೆಯುತ್ತದೆ. ಮೈಲಾರ್ ಅಥವಾ ಪಾಲಿಪ್ರೊಪಿಲೀನ್ ಚೀಲ, ಜೊತೆಗೊಂದು ಸಿಲಿಕಾ ಜೆಲ್ ಪೊಟ್ಟಣ ಸಾಕು.

ತೂತಿನ ಪ್ರಕರಣದ ನಂತರ ಎಸ್‌ಒಪಿಗೆ ಎರಡು ತಿದ್ದುಪಡಿ ಕೇಳಲಾಯಿತು: ಮಾಲೀಕರ ಸಹಿಯಿಲ್ಲದೆ ಡ್ರಿಲ್ ಇಲ್ಲ, ತಾಪ ಸಮವಾಗುವವರೆಗೆ ಮೀಟರ್ ಇಲ್ಲ. ಮೊದಲನೆಯದಕ್ಕೆ ಒಂದೇ ದಿನದಲ್ಲಿ ಒಪ್ಪಿಗೆ ಬಂತು. ಎರಡನೆಯದು ಒಂದು ಗಟ್ಟಿಗೆ 20 ನಿಮಿಷ ಎಂಬ ಟಾರ್ಗೆಟ್ಟಿಗೆ ಅಡ್ಡಬರುತ್ತದಂತೆ, ‘ಪರಿಶೀಲನೆಯಲ್ಲಿದೆ’. ಅಲ್ಲಿಯವರೆಗೆ ಚಳಿಗಾಲದ ಪೆಟ್ಟಿಗೆಗಳನ್ನು ಸಂಜೆಯೇ ಬಿಚ್ಚಿ, ವಾಲ್ಟಿನಲ್ಲಿ ಅಲ್ಯೂಮಿನಿಯಂ ತಟ್ಟೆಯ ಮೇಲೆ ಸಾಲಾಗಿ ಇಟ್ಟು, ಬೆಳಿಗ್ಗೆ ಲಾಗಿನ್ ಮಾಡುತ್ತಿದ್ದೇವೆ. ಆ 20 ನಿಮಿಷದ ಟೈಮರ್ ಶುರುವಾಗುವುದು ಲಾಗಿನ್ ಆದ ಮೇಲೆ.